ಕಡಲ ಮೀನಿಗೆ ಪಂಚಾಂಗ ಉಂಟು, ಘಟಪ್ರಭೆಯ ಮೀನಿಗೆ ಲೆಕ್ಕ ಎಲ್ಲಿ?

ಪ್ರತಿವರ್ಷ ಜೂನ್ 1 ಬಂತೆಂದರೆ ಕಾರವಾರದಿಂದ ಮಂಗಳೂರಿನವರೆಗಿನ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ಸಾಲುಸಾಲಾಗಿ ದಡ ಸೇರುತ್ತವೆ. ಜುಲೈ 31ರವರೆಗೆ, ಒಟ್ಟು 61 ದಿನ, ಅವು ಕಡಲಿಗಿಳಿಯುವಂತಿಲ್ಲ. ಮುಂಗಾರಿನ ಅಬ್ಬರದಲ್ಲಿ ಮೀನುಗಾರರ ಪ್ರಾಣ ಕಾಯುವುದು ಇದರ ಒಂದು ಉದ್ದೇಶವಾದರೆ, ಅದೇ ಸಮಯದಲ್ಲಿ ಮೊಟ್ಟೆಯಿಡುವ ಮೀನುಗಳಿಗೆ ಬಿಡುವು ಕೊಡುವುದು ಇನ್ನೊಂದು. ಈ ಎರಡು ತಿಂಗಳು ರಾಜ್ಯದ ಪತ್ರಿಕೆಗಳಲ್ಲಿ ಮೀನಿನ ಸಂತಾನೋತ್ಪತ್ತಿಯ ಕುರಿತು ಒಂದಿಷ್ಟು ಚರ್ಚೆಯೂ ನಡೆಯುತ್ತದೆ. ಆದರೆ ಆ ಚರ್ಚೆ ಪಶ್ಚಿಮ ಘಟ್ಟವನ್ನು ಹತ್ತಿ ಈಚೆಗೆ ಬರುವುದು ಅಪರೂಪ.

ಘಟ್ಟದ ಈಚೆಗೆ, ಬೆಳಗಾವಿ ಜಿಲ್ಲೆಯ ಹುಕ್ಕೇರಿ, ಗೋಕಾಕ ಮತ್ತು ಮೂಡಲಗಿ ತಾಲ್ಲೂಕುಗಳಲ್ಲಿ ಘಟಪ್ರಭೆ ಹರಿಯುತ್ತದೆ. ಹಿರಣ್ಯಕೇಶಿ ಮತ್ತು ಮಾರ್ಕಂಡೇಯ ನದಿಗಳು ಇಲ್ಲಿಯೇ ಅದನ್ನು ಸೇರುತ್ತವೆ. ಈ ನದಿಗಳ ಮೀನುಗಳಿಗೂ ಮೊಟ್ಟೆಯಿಡುವ ಕಾಲ ಮುಂಗಾರೇ. ಅಂದರೆ ಕಡಲ ಮೀನಿನ ಪೂರೈಕೆ ತಗ್ಗಿ, ಒಳನಾಡಿನ ಪೇಟೆಗಳಲ್ಲಿ ನದಿ, ಕೆರೆಗಳ ಮೀನಿಗೆ ಬೇಡಿಕೆ ಏರುವ ದಿನಗಳಲ್ಲಿಯೇ ನದಿಯ ಮೀನು ಮೊಟ್ಟೆ ತುಂಬಿಕೊಂಡು ಹೊಸ ನೀರಿಗೆ ಎದುರಾಗಿ ಈಜುತ್ತಿರುತ್ತದೆ. ಒಂದೆಡೆ ಮೀನಿನ ಸಂತತಿ ಉಳಿಸಲು ಹಾಕಿದ ಬಾಗಿಲು, ಇನ್ನೊಂದೆಡೆ ಅದೇ ಸಂತತಿಯ ಮೇಲೆ ಒತ್ತಡ ಹೆಚ್ಚಿಸುವ ಸಂಭವವಿದೆ. ಈ ವೈರುಧ್ಯವನ್ನು ಅಳೆಯುವ ಸಾಧನವೇ ನಮ್ಮ ಕೈಯಲ್ಲಿಲ್ಲ ಎಂಬುದು ಈ ಲೇಖನದ ಕಾಳಜಿ.

ಕಡಲಲ್ಲಿ ಲೆಕ್ಕ ನಡೆಯುವ ಬಗೆ

ಕರಾವಳಿಯ 61 ದಿನಗಳ ನಿಷೇಧ ಆಕಾಶದಿಂದ ಉದುರಿದ್ದಲ್ಲ. ಹಿಂದೆ ಒಂದೊಂದು ರಾಜ್ಯಕ್ಕೆ ಒಂದೊಂದು ದಿನಾಂಕವಿತ್ತು. ಪಕ್ಕದ ರಾಜ್ಯದ ದೋಣಿಗಳು ಮೊದಲೇ ಕಡಲಿಗಿಳಿದು ಮೀನು ಬಾಚುತ್ತವೆ ಎಂಬ ದೂರು ಪ್ರತಿವರ್ಷವೂ ಕೇಳಿಬರುತ್ತಿತ್ತು. 2015ರಲ್ಲಿ ಕೇಂದ್ರ ಸರ್ಕಾರ ಪಶ್ಚಿಮ ಕರಾವಳಿಗೆ ಜೂನ್ 1ರಿಂದ ಜುಲೈ 31, ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14 ಎಂದು ಏಕರೂಪದ ಅವಧಿ ಗೊತ್ತುಪಡಿಸಿತು. ರಾಜ್ಯದಲ್ಲಿ ಇದಕ್ಕೆ ಆಧಾರವಾಗಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ ಉಂಟು.

ಈ ನಿರ್ಧಾರಗಳ ಬೆನ್ನಿಗೆ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ದೀರ್ಘಕಾಲದ ದತ್ತಾಂಶವಿದೆ. 1947ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಮಂಗಳೂರು ಮತ್ತು ಕಾರವಾರಗಳಲ್ಲಿ ಕೇಂದ್ರಗಳಿವೆ. ಸಿಬ್ಬಂದಿ ಬಂದರಿಗೆ ಹೋಗಿ, ಇಳಿದ ಮೀನಿನಲ್ಲಿ ಮಾದರಿಯನ್ನು ಆರಿಸಿ, ಉದ್ದ ಅಳೆದು, ತೂಗಿ, ಹೊಟ್ಟೆ ಸೀಳಿ ಅಂಡಾಶಯದ ಸ್ಥಿತಿ ದಾಖಲಿಸುತ್ತಾರೆ. ದೇಹದ ಒಟ್ಟು ತೂಕದಲ್ಲಿ ಅಂಡಾಶಯದ ಪಾಲು ಎಷ್ಟು ಎಂಬುದೇ ಮುಖ್ಯ ಸೂಚ್ಯಂಕ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಮೊಟ್ಟೆಯಿಡುವ ಕಾಲ ಹತ್ತಿರವಾಗಿದೆ ಎಂದೂ, ದಿಢೀರನೆ ಇಳಿದರೆ ಮೀನು ಮೊಟ್ಟೆಯಿಟ್ಟು ಮುಗಿಸಿದೆ ಎಂದೂ ಅರ್ಥ. ಇದಕ್ಕೆ ಬೇಕಾಗುವುದು ತಕ್ಕಡಿ, ಅಳತೆಪಟ್ಟಿ, ಚಾಕು ಮತ್ತು ತಪ್ಪದೆ ಬರೆಯುವ ಕೈ. ಮುಖ್ಯವಾದದ್ದು ಉಪಕರಣವಲ್ಲ, ಸಾತತ್ಯ.

ಈ ಲೆಕ್ಕದಿಂದಲೇ ಹೊರಬಿದ್ದ ಸತ್ಯ ಒಂದಿದೆ. ಎಲ್ಲ ಮೀನಿಗೂ ಒಂದೇ ತಿಂಗಳು ಎಂಬುದಿಲ್ಲ. ನಮ್ಮ ಬೂತಾಯಿ ಮತ್ತು ಬಂಗುಡೆ ಮುಂಗಾರಿನ ಆಸುಪಾಸಿನಲ್ಲಿ ಹೆಚ್ಚಾಗಿ ಮೊಟ್ಟೆಯಿಟ್ಟರೆ, ಆಳದಲ್ಲಿ ಬಲೆಗೆ ಬೀಳುವ ಕೆಲವು ಜಾತಿಗಳು ನಿಷೇಧ ಮುಗಿದ ಮೇಲೂ ಮೊಟ್ಟೆಯಿಡುತ್ತವೆ. ಆದ್ದರಿಂದಲೇ ದಿನಾಂಕದ ನಿಷೇಧವೊಂದೇ ಸಾಲದು, ಮರಿಮೀನು ಹಿಡಿಯುವುದಕ್ಕೂ ಕಡಿವಾಣ ಬೇಕು ಎಂಬ ವಾದ ಬಲಗೊಂಡಿತು. ಕೇರಳ ಸರ್ಕಾರ ಬೂತಾಯಿಗೆ 10 ಸೆಂಟಿಮೀಟರ್, ಬಂಗುಡೆಗೆ 14 ಸೆಂಟಿಮೀಟರ್ ಎಂಬಂತೆ ಹಲವು ಜಾತಿಗಳಿಗೆ ಕನಿಷ್ಠ ಗಾತ್ರವನ್ನು ಕಾನೂನಿನಲ್ಲಿಯೇ ನಿಗದಿಪಡಿಸಿತು.

ಲೆಕ್ಕ ಇದ್ದಾಗ ಅಪಾಯವೂ ಕಣ್ಣಿಗೆ ಬೀಳುತ್ತದೆ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿ ಹಿಡುವಳಿ 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಸಾಗರದ ಉಷ್ಣತೆ, ಆಹಾರದ ಕೊರತೆ, ಅತಿಯಾದ ಮೀನುಗಾರಿಕೆ ಎಂದು ಕಾರಣಗಳ ಕುರಿತು ವಿಜ್ಞಾನಿಗಳು ಚರ್ಚಿಸಿದರು. ಆದರೆ ಕುಸಿತ ನಡೆದಿದೆ ಎಂಬ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ. ಘಟಪ್ರಭೆಯಲ್ಲಿ ಇಂಥದೊಂದು ಕುಸಿತ ಸಂಭವಿಸಿದರೆ ಅದನ್ನು ತೋರಿಸುವ ಅಂಕಿ ಯಾವುದು ಎಂಬುದೇ ಪ್ರಶ್ನೆ.

ಹೊಸ ನೀರಿಗೆ ಕಾಯುವ ಮೀನು

ನದಿಯ ಮೀನಿನ ಸಂತಾನೋತ್ಪತ್ತಿ ಕಡಲ ಮೀನಿಗಿಂತ ಸೂಕ್ಷ್ಮವಾದದ್ದು. ಗೆಂಡೆ ಜಾತಿಯ ದೊಡ್ಡ ಮೀನುಗಳು ಬೇಸಿಗೆಯ ಕೊನೆಗೆ ಅಂಡಾಶಯ ತುಂಬಿಕೊಂಡು ಸಿದ್ಧವಾಗಿರುತ್ತವೆ. ಆದರೆ ಸಿದ್ಧವಾಗಿದ್ದ ಮಾತ್ರಕ್ಕೆ ಅವು ಮೊಟ್ಟೆಯಿಡುವುದಿಲ್ಲ. ಮಳೆ ಸುರಿದು ನೀರಿನ ಮಟ್ಟ ಏರಬೇಕು, ಬಣ್ಣ ಕೆಂಪಾಗಬೇಕು, ಹರಿವು ಬಲಗೊಂಡು ದಂಡೆಯ ತಗ್ಗುಗಳಿಗೆ ನೀರು ನುಗ್ಗಬೇಕು. ಆಗ ಮೀನು ಹರಿವಿಗೆ ಎದುರಾಗಿ ಏರಿ ಆಳವಿಲ್ಲದ ಜಾಗದಲ್ಲಿ ಮೊಟ್ಟೆ ಚೆಲ್ಲುತ್ತದೆ. ಮಲೆನಾಡಿನವರು 'ಹತ್ತುಮೀನು' ಎಂದು ಕರೆಯುವ ಈ ಏರುವಿಕೆ ನದಿತೀರದ ಯಾವ ಹಳ್ಳಿಗೂ ಹೊಸದಲ್ಲ. ಉತ್ತರ ಕರ್ನಾಟಕದ ರೈತ ಬಿತ್ತನೆಗೆ ಮಿರಗದ ಮಳೆಯನ್ನು ಕಾಯುವಂತೆಯೇ ಮೀನೂ ಕಾಯುತ್ತದೆ ಎನ್ನಬಹುದು.

ಹೊಸ ನೀರು ಬರುವ ಹೊತ್ತು ಕೈತಪ್ಪಿದರೆ ಮೀನಿಗೆ ಮತ್ತೊಂದು ಅವಕಾಶ ಸುಲಭವಾಗಿ ಸಿಗುವುದಿಲ್ಲ. ಅನೇಕ ಮೀನುಗಳಲ್ಲಿ ಚೆಲ್ಲದೆ ಉಳಿದ ಮೊಟ್ಟೆ ದೇಹದಲ್ಲಿಯೇ ಕರಗಿಹೋಗುತ್ತದೆ, ಮುಂದಿನ ಅವಕಾಶ ಮುಂದಿನ ವರ್ಷಕ್ಕೆ. ಮೊಟ್ಟೆ ಬಿದ್ದ ಮೇಲೂ ಹರಿವು ಇರಬೇಕು. ಗೆಂಡೆ ಜಾತಿಯ ದೊಡ್ಡ ಮೀನುಗಳ ಮೊಟ್ಟೆ ಒಂದು ದಿನದೊಳಗೆಯೇ ಒಡೆದು ಮರಿಯಾಗುತ್ತದೆ. ಅಷ್ಟರಲ್ಲಿ ನೀರು ಇಳಿದುಬಿಟ್ಟರೆ ಅದು ಕೆಸರಿನ ಪಾಲು.

ಹಾಗಾಗಿ ನದಿ ಮೀನಿಗೆ ಕ್ಯಾಲೆಂಡರಿನ ದಿನಾಂಕಕ್ಕಿಂತ ನೀರಿನ ದಿನಾಂಕ ಮುಖ್ಯ. ನೀರಿನ ದಿನಾಂಕವಾದರೋ ವರ್ಷದಿಂದ ವರ್ಷಕ್ಕೆ ಬದಲಾಗುತ್ತಿದೆ. ಮುಂಗಾರು ಕೇರಳವನ್ನು ಪ್ರವೇಶಿಸಿದ್ದು 2023ರಲ್ಲಿ ಜೂನ್ 8ರಂದು, 2024ರಲ್ಲಿ ಮೇ 30ರಂದು, 2025ರಲ್ಲಿ ಮೇ 24ರಂದು. ಮೂರೇ ವರ್ಷಗಳಲ್ಲಿ ಎರಡು ವಾರಗಳ ಅಂತರ. ಜೂನ್ ಮೊದಲ ದಿನದಿಂದ ಲೆಕ್ಕ ಹಾಕುವ ಯಾವುದೇ ನಿಷೇಧ ಒಂದು ವರ್ಷ ತಡವಾಗುತ್ತದೆ, ಇನ್ನೊಂದು ವರ್ಷ ಬೇಗ ಮುಗಿಯುತ್ತದೆ. ಕಡಲಿನ ಮಟ್ಟಿಗೆ ಇದು ಸಣ್ಣ ದೋಷವಿರಬಹುದು. ಕೆಲವೇ ದಿನಗಳಲ್ಲಿ ಮೊಟ್ಟೆಯಿಟ್ಟು ಮುಗಿಸುವ ನದಿ ಮೀನಿನ ಮಟ್ಟಿಗೆ ಹಾಗಲ್ಲ.

ಅಣೆಕಟ್ಟೆಯ ಕೈಯಲ್ಲಿ ಮುಂಗಾರು

ಘಟಪ್ರಭೆಯಲ್ಲಿ ಈ ಪ್ರಶ್ನೆ ಇನ್ನಷ್ಟು ಜಟಿಲವಾಗುವುದು ಅಣೆಕಟ್ಟೆಗಳಿಂದ. ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಸುಮಾರು 283 ಕಿಲೋಮೀಟರ್ ಹರಿದು ಬಾಗಲಕೋಟೆ ಜಿಲ್ಲೆಯಲ್ಲಿ ಕೃಷ್ಣೆಯನ್ನು ಸೇರುವ ಈ ನದಿ, ಮೀನಿನ ದೃಷ್ಟಿಯಿಂದ ಒಂದೇ ನದಿಯಾಗಿ ಉಳಿದಿಲ್ಲ. ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ 51 ಟಿಎಂಸಿ ಅಡಿ ಸಾಮರ್ಥ್ಯದ ರಾಜಾ ಲಖಮಗೌಡ ಜಲಾಶಯವಿದೆ. ಅದರ ಕೆಳಗೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡು. ಅದರಿಂದ ಮುಂದೆ ಸುಮಾರು 52 ಮೀಟರ್ ಧುಮುಕುವ ಗೋಕಾಕ ಜಲಪಾತ. ಜಲಪಾತ ನಿಸರ್ಗವೇ ಹಾಕಿದ ಗೋಡೆ, ಯಾವ ಮೀನೂ ಅದನ್ನು ಏರಲಾರದು. ಉಳಿದ ಗೋಡೆಗಳನ್ನು ಹಾಕಿದ್ದು ನಾವು.

ಮುಂಗಾರಿನ ಮೊದಲ ನೀರು ಬಂದಾಗ ಹಿಡಕಲ್ ಜಲಾಶಯದ ಕೆಲಸ ಅದನ್ನು ತಡೆದು ತುಂಬಿಸಿಕೊಳ್ಳುವುದು. ಇದರಲ್ಲಿ ತಪ್ಪೇನಿಲ್ಲ, ಬೆಳಗಾವಿ ನಗರದ ಕುಡಿಯುವ ನೀರಿಗೂ ಲಕ್ಷಾಂತರ ಎಕರೆ ಕಬ್ಬು, ಗೋವಿನಜೋಳಗಳಿಗೂ ಆಧಾರ ಅದೇ. ಬೇಸಿಗೆಯಲ್ಲಿ ನೀರು ತಳ ಕಂಡಾಗ ಹಿನ್ನೀರಿನಲ್ಲಿ ಮುಳುಗಿದ್ದ ಹುನ್ನೂರಿನ ವಿಠ್ಠಲ ದೇವಾಲಯ ಮೇಲೆದ್ದು ಕಾಣುತ್ತದೆ. ಜನ ಅದನ್ನು ನೋಡಲು ಹೋಗುವಾಗಲೇ ಮುಂದಿನ ಮಳೆಯ ಚಿಂತೆಯನ್ನೂ ಮಾಡುತ್ತಾರೆ. ಆದರೆ ಮೊದಲ ನೀರು ಜಲಾಶಯದಲ್ಲಿ ನಿಂತಾಗ ಕೆಳಗಿನ ಮೀನಿಗೆ ಬರಬೇಕಾದ ಕರೆ ಬರುವುದಿಲ್ಲ. ಜಲಾಶಯ ತುಂಬುತ್ತ ಬಂದ ಮೇಲೆ, ಹಲವು ವರ್ಷಗಳಲ್ಲಿ ಜುಲೈ ಕೊನೆಗೋ ಆಗಸ್ಟಿಗೋ, ಗೇಟು ತೆರೆದಾಗ ಬರುವುದು ಕರೆಯಲ್ಲ, ಪ್ರವಾಹ.

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹಗಳನ್ನು ಗೋಕಾಕಿನ ಜನ ಮರೆತಿಲ್ಲ. ಹಿಡಕಲ್‌ನಿಂದ ಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯಗಳ ನೀರು ಕೂಡಿ ಲೋಳಸೂರ ಸೇತುವೆ ಮುಳುಗಿತು, ಗೋಕಾಕಿನ ಹಳೆಯ ಪೇಟೆಗೆ ನೀರು ನುಗ್ಗಿತು, ಮೂಡಲಗಿ ತಾಲ್ಲೂಕಿನ ನದಿತೀರದ ಹಳ್ಳಿಗಳು ಸಂಪರ್ಕ ಕಳೆದುಕೊಂಡವು. ಇದಕ್ಕೆ ವ್ಯತಿರಿಕ್ತವಾಗಿ 2023ರಲ್ಲಿ ಜೂನ್ ತಿಂಗಳೇ ಬರಿದಾಗಿ ಹೋಯಿತು, ಆ ವರ್ಷ ರಾಜ್ಯ ಬರವನ್ನು ಘೋಷಿಸಬೇಕಾಯಿತು. ಒಂದು ವರ್ಷ ಮನೆ ಮುಳುಗಿಸುವಷ್ಟು ನೀರು, ಇನ್ನೊಂದು ವರ್ಷ ಮೊಟ್ಟೆ ಒದ್ದೆಯಾಗದಷ್ಟು ನೀರು. ಈ ಏರಿಳಿತದಲ್ಲಿ ಯಾವ ವರ್ಷ ಯಾವ ಜಾತಿಯ ಮೀನು ಸಂತಾನ ಕಂಡಿತು, ಯಾವ ವರ್ಷ ಬರಿಗೈಯಲ್ಲಿ ಮರಳಿತು ಎಂಬುದರ ದಾಖಲೆ ಇದ್ದಿದ್ದರೆ ಇಂದು ಬಹಳ ಉಪಯೋಗಕ್ಕೆ ಬರುತ್ತಿತ್ತು.

ಈ ಮಧ್ಯೆ ಒಂದು ಆಶಾಕಿರಣವೂ ಇದೆ. ಅಂಬೋಲಿಯಲ್ಲಿ ಹುಟ್ಟಿ ಆಜರಾ, ಗಡಹಿಂಗ್ಲಜ ಮಾರ್ಗವಾಗಿ ಸಂಕೇಶ್ವರಕ್ಕೆ ಬರುವ ಹಿರಣ್ಯಕೇಶಿಗೆ ಹಿಡಕಲ್‌ನಂಥ ದೊಡ್ಡ ಜಲಾಶಯದ ತಡೆ ಇಲ್ಲ. ಸಣ್ಣ ಬಾಂದಾರಗಳು ಇವೆ, ನಿಜ. ಆದರೂ ಮುಂಗಾರಿನ ಮೊದಲ ಕೆಂಪು ನೀರು ಈ ನದಿಯ ಮೂಲಕ ಬಹುಮಟ್ಟಿಗೆ ಸಹಜವಾಗಿಯೇ ಕೆಳಗಿಳಿಯುತ್ತದೆ. ಹಿಡಕಲ್ ಮತ್ತು ಧೂಪದಾಳಗಳ ನಡುವಿನ ಮೀನಿಗೆ ಉಳಿದಿರುವ ನೈಸರ್ಗಿಕ ಕರೆ ಬಹುಶಃ ಇದೊಂದೇ. ಹಾಗಿದ್ದರೆ ಹುಕ್ಕೇರಿ ತಾಲ್ಲೂಕಿನ ಈ ನದೀಭಾಗವನ್ನು ಎಲ್ಲಕ್ಕಿಂತ ಮೊದಲು ಗಮನಿಸಬೇಕು.

ಹಿರಣ್ಯಕೇಶಿಯ ಉಗಮದ ಕಥೆ ಇಲ್ಲಿ ಪ್ರಸ್ತುತ. 2020ರಲ್ಲಿ ಅಂಬೋಲಿಯ ದೇವಸ್ಥಾನದ ಬಳಿಯ ನೀರಿನಲ್ಲಿ ವಿಜ್ಞಾನಕ್ಕೆ ಹೊಸದಾದ ಪುಟ್ಟ ಮೀನೊಂದು ಪತ್ತೆಯಾಗಿ, ನದಿಯ ಹೆಸರಿನಿಂದಲೇ 'ಶಿಸ್ತೂರಾ ಹಿರಣ್ಯಕೇಶಿ' ಎಂದು ನಾಮಕರಣಗೊಂಡಿತು. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಆ ತಾಣವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಒಂದು ಸಣ್ಣ ಮೀನಿಗಾಗಿ ನದಿಯ ಉಗಮಕ್ಕೆ ಅಷ್ಟು ಮಹತ್ವ ದೊರೆಯಿತು. ಅದೇ ನದಿ ಗಡಿ ದಾಟಿ ಕರ್ನಾಟಕಕ್ಕೆ ಬಂದ ಮೇಲೆ ಅದರ ಮೀನಿನ ಬಗ್ಗೆ ನಾವು ತೋರುವ ಆಸಕ್ತಿ ಎಷ್ಟು?

ಬಿತ್ತಿದ ಲೆಕ್ಕ, ಹುಟ್ಟಿದ ಲೆಕ್ಕವಲ್ಲ

ಒಳನಾಡು ಮೀನುಗಾರಿಕೆಯ ಅಂಕಿಅಂಶಗಳೇ ಇಲ್ಲವೆಂದು ಇದರ ಅರ್ಥವಲ್ಲ. 2022-23ರಲ್ಲಿ ದೇಶದ ಒಟ್ಟು ಮೀನು ಉತ್ಪಾದನೆ ಸುಮಾರು 175 ಲಕ್ಷ ಟನ್. ಅದರಲ್ಲಿ ಒಳನಾಡಿನ ಪಾಲು ಸುಮಾರು 131 ಲಕ್ಷ ಟನ್, ಅಂದರೆ ಮುಕ್ಕಾಲು ಭಾಗ. ಆದರೆ ಇದರ ಬಹುಪಾಲು ಕೊಳಗಳಲ್ಲಿ ಸಾಕಿದ ಮೀನು. ಜಲಾಶಯಗಳ ಮಟ್ಟಿಗೂ ಎಷ್ಟು ಬಿತ್ತನೆ ಮರಿ ಬಿಡಲಾಯಿತು, ಎಷ್ಟು ಮೀನು ಹಿಡಿಯಲಾಯಿತು ಎಂಬುದೇ ಲೆಕ್ಕ. ನದಿಯಲ್ಲಿ ತಾನಾಗಿ ಎಷ್ಟು ಮೀನು ಹುಟ್ಟಿತು ಎಂಬುದು ಇದರಲ್ಲಿ ಕಾಣುವುದಿಲ್ಲ.

ಈ ಮರೆವಿಗೆ ಒಂದು ಹಿನ್ನೆಲೆಯಿದೆ. 1957ಕ್ಕೆ ಮೊದಲು ಕೆರೆಗಳಿಗೆ ಬೇಕಾದ ಗೆಂಡೆ ಮೀನಿನ ಮರಿಗಳನ್ನು ನದಿಯಿಂದಲೇ ಹಿಡಿದು ತರಬೇಕಿತ್ತು. ಹರಿವಿಗೆ ಎದುರಾಗಿ ಸಣ್ಣ ಕಣ್ಣಿನ ಕೊಳವೆಯಾಕಾರದ ಬಲೆ ಕಟ್ಟಿ, ತೇಲಿಬರುವ ಮೊಟ್ಟೆ-ಮರಿಗಳನ್ನು ಸಂಗ್ರಹಿಸುತ್ತಿದ್ದರು. ಆದ್ದರಿಂದ ಯಾವ ನದಿಯಲ್ಲಿ ಯಾವ ವಾರ ಎಷ್ಟು ಮರಿ ಇಳಿಯುತ್ತದೆ ಎಂಬುದು ವ್ಯಾಪಾರಕ್ಕೂ ವಿಜ್ಞಾನಕ್ಕೂ ಬೇಕಾದ ಮಾಹಿತಿಯಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳಿಂದ ಕೃತಕವಾಗಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಇಂದು ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಿರುವುದು ಇದೇ ಕಾರಣಕ್ಕೆ.

ದೇಶದ ಮೀನು ಕೃಷಿಗೆ ಅದು ಮಹತ್ತರ ತಿರುವು. ಆದರೆ ಮರಿ ಉತ್ಪಾದನಾ ಕೇಂದ್ರಗಳು ಎದ್ದು ನಿಂತ ಮೇಲೆ ನದಿಯ ಕಡೆ ತಿರುಗಿ ನೋಡುವ ಅಗತ್ಯವೇ ಕಡಿಮೆಯಾಯಿತು. ಗಂಗೆಯ ಮೂಲದ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ದಖ್ಖನದ ಜಲಾಶಯಗಳಲ್ಲೆಲ್ಲ ತುಂಬಿದವು. ಮಾರುಕಟ್ಟೆಯಲ್ಲಿ ಮೀನು ಇದೆ, ಉತ್ಪಾದನೆಯ ಅಂಕಿ ಏರುತ್ತಿದೆ, ಹೀಗಿರುವಾಗ ಕೃಷ್ಣಾ ಕೊಳ್ಳದ ಮೂಲ ಮೀನುಗಳ ಸುದ್ದಿ ಯಾರಿಗೆ ಬೇಕು? 1839ರಷ್ಟು ಹಿಂದೆಯೇ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ದಖ್ಖನದ ಮೀನುಗಳನ್ನು ವರ್ಣಿಸಿ, ಇಂದು ದಖ್ಖನ್ ಮಹಶೀರ್ ಎಂದು ಕರೆಯುವ ಜಾತಿಗೂ ಹೆಸರಿಟ್ಟಿದ್ದ. ಅಂಥ ಮೀನುಗಳು ಮರಿ ಬಿಡುವ ಯೋಜನೆಯಿಂದ ಉಳಿಯುವುದಿಲ್ಲ. ನದಿಯಲ್ಲಿಯೇ ಮೊಟ್ಟೆಯಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಧೂಪದಾಳದಲ್ಲಿ ಈ ಉಪೇಕ್ಷೆ ಕಣ್ಣಿಗೆ ಹೊಡೆಯುವಂತಿದೆ. ಅಲ್ಲಿನ ಜಲರಾಶಿಯ ಸುತ್ತ 1974ರಲ್ಲಿ ಘಟಪ್ರಭಾ ಪಕ್ಷಿಧಾಮ ಘೋಷಣೆಯಾಯಿತು. ಚಳಿಗಾಲದಲ್ಲಿ ವಲಸೆ ಹಕ್ಕಿಗಳನ್ನು ಎಣಿಸಲು ಆಸಕ್ತರು ಬೈನಾಕ್ಯುಲರ್ ಹಿಡಿದು ಬರುತ್ತಾರೆ. ಮೀನನ್ನು ನಂಬಿ ಬದುಕುವ ಹಕ್ಕಿಗೆ ಇಷ್ಟು ಆಸ್ಥೆ ದೊರೆತಿರುವಾಗ, ಹಕ್ಕಿಯ ಹೊಟ್ಟೆ ತುಂಬಿಸುವ ಮೀನಿಗೂ ಒಂದು ಎಣಿಕೆ ಬೇಡವೇ?

ಕಾಯ್ದೆಗೆ ಕೊರತೆಯಿಲ್ಲ

ಧೂಪದಾಳದ ಒಡ್ಡು ಮತ್ತು ಅದರ ಎಡದಂಡೆ ಕಾಲುವೆಯ ಮೊದಲ ಹಂತ ಪೂರ್ಣಗೊಂಡದ್ದು 1897ರಲ್ಲಿ. ಕಾಕತಾಳೀಯವೆಂಬಂತೆ ಭಾರತೀಯ ಮೀನುಗಾರಿಕಾ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ. ಸಿಡಿಮದ್ದು ಸಿಡಿಸಿ ಅಥವಾ ವಿಷ ಬೆರೆಸಿ ಮೀನು ಕೊಲ್ಲುವುದನ್ನು ಆ ಕಾಯ್ದೆ ಅಪರಾಧವೆಂದು ಸಾರಿತು. ಬಲೆಯ ಕಣ್ಣಿನ ಅಳತೆಯನ್ನು ನಿಗದಿಪಡಿಸಲೂ ನಿರ್ದಿಷ್ಟ ನೀರಿನಲ್ಲಿ ನಿರ್ದಿಷ್ಟ ಕಾಲ ಮೀನುಗಾರಿಕೆಯನ್ನು ತಡೆಯಲೂ ಸರ್ಕಾರಗಳಿಗೆ ಅಧಿಕಾರ ನೀಡಿತು. ಮುಂದೆ ಕರ್ನಾಟಕ 1996ರಲ್ಲಿ ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ ತನ್ನದೇ ಕಾಯ್ದೆ ರೂಪಿಸಿತು. ಮುಂಗಾರಿನಲ್ಲಿ ನದಿ, ಜಲಾಶಯಗಳಲ್ಲಿ ಮೀನು ಹಿಡಿಯಬಾರದೆಂಬ ಪ್ರಕಟಣೆಯೂ ರಾಜ್ಯದ ಹಲವು ಜಿಲ್ಲೆಗಳಲ್ಲಿ ಹೊರಬೀಳುತ್ತದೆ.

ಹಾಗಾದರೆ ಕೊರತೆ ಕಾಯ್ದೆಯದಲ್ಲ. ಕಾಯ್ದೆಯನ್ನು ಯಾವ ದಿನ, ಯಾವ ಸ್ಥಳದಲ್ಲಿ, ಯಾವ ಮೀನಿಗಾಗಿ ಬಳಸಬೇಕೆಂದು ಹೇಳುವ ಮಾಹಿತಿಯದು. ಮಾಹಿತಿಯಿಲ್ಲದ ನಿಷೇಧ ಬಡ ಮೀನುಗಾರನಿಗೆ ಅನ್ಯಾಯವಾಗಿ ಕಾಣುತ್ತದೆ, ಮೀನಿಗೂ ಅದರಿಂದ ಖಚಿತ ಲಾಭವಿಲ್ಲ. ತನ್ನ ಎರಡು ತಿಂಗಳ ದುಡಿಮೆಯನ್ನು ಬಿಟ್ಟುಕೊಡುವವನಿಗೆ ಅದರ ಫಲವೇನೆಂದು ತೋರಿಸುವ ಜವಾಬ್ದಾರಿ ನಿಷೇಧ ಹೇರುವವರ ಮೇಲಿದೆ.

ನೆರೆಹೊರೆಯ ಪಾಠ

ಬಾಂಗ್ಲಾದೇಶದ ಹಿಲ್ಸಾ ಮೀನಿನ ಅನುಭವ ಇಲ್ಲಿ ಗಮನಾರ್ಹ. ಕಡಲಿನಿಂದ ನದಿಗೆ ಏರಿ ಬಂದು ಮೊಟ್ಟೆಯಿಡುವ ಈ ಮೀನಿಗಾಗಿ ಆ ದೇಶ ಅಕ್ಟೋಬರಿನ ಹುಣ್ಣಿಮೆಯ ಆಸುಪಾಸಿನಲ್ಲಿ ನಿಷೇಧ ಜಾರಿಗೆ ತಂದಿತು. ಮೊದಲು ಹತ್ತು-ಹನ್ನೊಂದು ದಿನವಿದ್ದ ಅವಧಿ, ಮೊಟ್ಟೆಯಿಟ್ಟು ಮುಗಿಸಿದ ಮೀನಿನ ಪ್ರಮಾಣವನ್ನು ವಿಜ್ಞಾನಿಗಳು ಅಳೆಯುತ್ತ ಹೋದಂತೆ, ಹಂತಹಂತವಾಗಿ 22 ದಿನಗಳಿಗೆ ಏರಿತು. ನಿಷೇಧದ ಕಾಲದಲ್ಲಿ ಮೀನುಗಾರ ಕುಟುಂಬಗಳಿಗೆ ಸರ್ಕಾರ ಅಕ್ಕಿ ಕೊಡುತ್ತದೆ. ಈ ಶತಮಾನದ ಆರಂಭದಲ್ಲಿ ಸುಮಾರು 2 ಲಕ್ಷ ಟನ್ ಇದ್ದ ಹಿಲ್ಸಾ ಹಿಡುವಳಿ 2017-18ರ ಹೊತ್ತಿಗೆ 5 ಲಕ್ಷ ಟನ್ ದಾಟಿತು. ಇತ್ತ ಗಂಗೆಯ ಮೇಲ್ಭಾಗದಲ್ಲಿ, 1975ರಲ್ಲಿ ಫರಕ್ಕಾ ಬ್ಯಾರೇಜ್ ಕಾರ್ಯಾರಂಭ ಮಾಡಿದ ಮೇಲೆ ಹಿಲ್ಸಾ ಹೆಚ್ಚೂಕಡಿಮೆ ಕಣ್ಮರೆಯಾದದ್ದು ಅದೇ ಕಥೆಯ ಇನ್ನೊಂದು ಮುಖ.

ಅಣೆಕಟ್ಟೆಯ ವಿಷಯದಲ್ಲಿ ಚೀನಾದ ಉದಾಹರಣೆಯಿದೆ. ಯಾಂಗ್ಟ್ಸೆ ನದಿಯ ತ್ರೀ ಗಾರ್ಜಸ್ ಅಣೆಕಟ್ಟೆಯಿಂದ 2011ರಿಂದೀಚೆಗೆ ಮೊಟ್ಟೆಯಿಡುವ ಋತುವಿನಲ್ಲಿ ಕೆಲವು ದಿನ ಉದ್ದೇಶಪೂರ್ವಕವಾಗಿ ನೀರಿನ ಏರಿಕೆಯನ್ನು ಸೃಷ್ಟಿಸಿ, ಕೆಳಗೆ ತೇಲಿಬರುವ ಗೆಂಡೆ ಮೀನಿನ ಮೊಟ್ಟೆಗಳನ್ನು ಎಣಿಸುತ್ತಾರೆ. ಅಣೆಕಟ್ಟೆಯನ್ನು ಒಡೆಯಬೇಕಾಗಿಲ್ಲ, ನೀರು ಬಿಡುವ ಹೊತ್ತನ್ನು ಸ್ವಲ್ಪ ಹೊಂದಿಸಿದರೆ ಮೀನು ಸ್ಪಂದಿಸುತ್ತದೆಯೇ ಎಂದು ಪರೀಕ್ಷಿಸುವ ಪ್ರಯತ್ನ ಅದು. ಬಿಟ್ಟ ನೀರು ವ್ಯರ್ಥವಾಯಿತೇ ಇಲ್ಲವೇ ಎಂಬುದನ್ನು ಮೊಟ್ಟೆಯ ಎಣಿಕೆಯಿಂದಲೇ ತಿಳಿಯಬಹುದು.

ಇಲ್ಲಿ ಏನು ಸಾಧ್ಯ?

ಹಿಡಕಲ್ ಜಲಾಶಯದ ನೀರಿಗೆ ಈಗಲೇ ಹಲವರ ಪೈಪೋಟಿಯಿದೆ. ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಅಲ್ಲಿಂದ ನೀರು ಒಯ್ಯುವ ಯೋಜನೆಗೆ 2025ರಲ್ಲಿ ಬೆಳಗಾವಿಯಲ್ಲಿ ತೀವ್ರ ವಿರೋಧ ವ್ಯಕ್ತವಾಯಿತು. ರೈತ, ನಗರವಾಸಿ, ಉದ್ಯಮಿ ಎಲ್ಲರೂ ತಮ್ಮ ಪಾಲಿನ ಲೆಕ್ಕ ಹೇಳಿದರು. ನದಿಯ ಪರವಾಗಿ ಲೆಕ್ಕ ಹೇಳುವವರು ಯಾರೂ ಇರಲಿಲ್ಲ. ಇಂಥ ಸ್ಥಿತಿಯಲ್ಲಿ ಮೀನಿಗಾಗಿ ನೀರು ಬಿಡಿ ಎಂದು ನೇರವಾಗಿ ಕೇಳಿದರೆ ಯಾರೂ ಒಪ್ಪಲಾರರು, ಒಪ್ಪಬೇಕಾಗಿಯೂ ಇಲ್ಲ. ಮೊದಲು ಆಗಬೇಕಾದದ್ದು ಎಣಿಕೆ.

ಇದಕ್ಕೆ ಮೂರು ತಾಣಗಳು ಸಾಕು: ಸಂಕೇಶ್ವರದ ಕೆಳಗೆ ಹಿರಣ್ಯಕೇಶಿಯಲ್ಲಿ ಒಂದು, ಹಿಡಕಲ್ ಹಿನ್ನೀರಿಗೆ ಘಟಪ್ರಭೆ ಸೇರುವಲ್ಲಿ ಒಂದು, ಗೋಕಾಕ ಜಲಪಾತದ ಕೆಳಗೆ ಮೂಡಲಗಿ ತಾಲ್ಲೂಕಿನ ತೀರದಲ್ಲಿ ಇನ್ನೊಂದು. ಜಲಪಾತದ ಮೇಲಿನ ಮೀನು ಬೇರೆ, ಕೃಷ್ಣೆಯಿಂದ ಏರಿಬರಬಲ್ಲ ಕೆಳಗಿನ ಮೀನು ಬೇರೆಯಾದ್ದರಿಂದ ಮೂರೂ ಅಗತ್ಯ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ಮೀನುಗಾರರ ಹಿಡುವಳಿಯಿಂದ ಕೆಲವು ಮೀನುಗಳ ಅಂಡಾಶಯವನ್ನು ತೂಗಿ ದಾಖಲಿಸಬೇಕು. ನಿಷೇಧದ ದಿನಗಳಲ್ಲಿ ಇದಕ್ಕೆಂದೇ ಮೀನುಗಾರಿಕೆ ಇಲಾಖೆಯ ಅನುಮತಿ ಪಡೆದು ಬೆರಳೆಣಿಕೆಯ ಮೀನು ಹಿಡಿದರೆ ಸಾಕು. ಹರಿವು ಏರಿದ ದಿನ ಹಳೆಯ ಪದ್ಧತಿಯ ಮರಿಬಲೆ ಕಟ್ಟಿ, ತೇಲಿಬರುವ ಮೊಟ್ಟೆ-ಮರಿಗಳನ್ನು ಅಳೆದು ಮರಳಿ ನದಿಗೇ ಬಿಡಬೇಕು. ಜಲಾಶಯದ ಒಳಹರಿವು, ಹೊರಹರಿವುಗಳ ದೈನಂದಿನ ಅಂಕಿ ನೀರಾವರಿ ಇಲಾಖೆಯಲ್ಲಿ ಹೇಗೂ ಇರುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಇಟ್ಟರೆ ಐದಾರು ವರ್ಷಗಳಲ್ಲಿ ಘಟಪ್ರಭೆಯ ಮೀನಿನ ಪಂಚಾಂಗ ಸಿದ್ಧವಾಗುತ್ತದೆ.

ಕೆಲಸ ಮಾಡುವವರಿಗೂ ಬರವಿಲ್ಲ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ, ಸುತ್ತಲಿನ ಪಟ್ಟಣಗಳಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಕಾಲೇಜುಗಳಿವೆ. 1969ರಿಂದ ನಡೆಯುತ್ತಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜು ಮಾರ್ಗದರ್ಶನ ನೀಡಬಲ್ಲದು. ಎಲ್ಲಕ್ಕಿಂತ ಮುಖ್ಯವಾಗಿ, ತಲೆಮಾರುಗಳಿಂದ ಈ ನದಿಯಲ್ಲಿ ಬಲೆ ಬೀಸಿದ ಅಂಬಿಗ, ಭೋಯಿ ಸಮುದಾಯದವರಿದ್ದಾರೆ. ಯಾವ ಮಡುವಿನಲ್ಲಿ ಯಾವ ಮೀನು ತತ್ತಿ ಹಾಕುತ್ತದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ದಾಖಲೆಯ ಕೆಲಸಕ್ಕೆ ಅವರಿಗೆ ದಿನಗೂಲಿ ಸಿಗುವಂತಾದರೆ ನಿಷೇಧದ ತಿಂಗಳುಗಳಲ್ಲಿ ಮನೆಯ ಒಲೆಯೂ ಉರಿಯುತ್ತದೆ. ಕರಾವಳಿಯಲ್ಲಿ ಮೀನುಗಾರನ ಉಳಿತಾಯದ 1,500 ರೂ.ಗೆ ಸರ್ಕಾರಗಳ 3,000 ರೂ. ಸೇರಿಸಿ ನಿಷೇಧದ ಕಾಲಕ್ಕೆ ನೆರವಾಗುವ ಯೋಜನೆಯಿದೆ. ಮೊತ್ತ ಸಣ್ಣದು. ಆದರೂ ಅದರ ಹಿಂದಿನ ತತ್ವ ನದಿಯ ಮೀನುಗಾರನ ಬಾಗಿಲಿಗೂ ತಲುಪಬೇಕು.

ಪಂಚಾಂಗ ಸಿದ್ಧವಾದ ಮೇಲೆ ನಿಷೇಧವನ್ನು ನೀರಿನೊಂದಿಗೆ ಹೊಂದಿಸಬಹುದು. ಹಿರಣ್ಯಕೇಶಿಯಲ್ಲಿ ಹರಿವು ನಿಗದಿತ ಮಟ್ಟ ಮುಟ್ಟಿದ ದಿನದಿಂದ ಇಂತಿಷ್ಟು ವಾರ ಬಲೆ ಬೀಸಬಾರದು ಎಂದರೆ, ಬೇರೆ ದಿನಗಳಲ್ಲಿ ಮೀನುಗಾರನನ್ನು ಅನಗತ್ಯವಾಗಿ ತಡೆಯಬೇಕಾಗಿಲ್ಲ. ಹಿಡಕಲ್‌ನಿಂದ ಜುಲೈ ಮಧ್ಯದಲ್ಲಿ ಎರಡು-ಮೂರು ದಿನ ಅಲ್ಪ ಪ್ರಮಾಣದ ನೀರು ಬಿಟ್ಟರೆ ಪ್ರಯೋಜನವಿದೆಯೇ ಎಂಬ ಪ್ರಶ್ನೆಯನ್ನೂ ಆಗ ಅಂಕಿಗಳೊಡನೆ ಎತ್ತಬಹುದು. ಮಳೆ ಚೆನ್ನಾಗಿರುವ ವರ್ಷ ಅಂಥ ಬಿಡುಗಡೆ ಜಲಾಶಯದಲ್ಲಿ ಪ್ರವಾಹಕ್ಕೆ ಒಂದಿಷ್ಟು ಜಾಗವನ್ನೂ ಉಳಿಸೀತು. ಮಳೆ ಕೈಕೊಟ್ಟ ವರ್ಷ ಆ ಮಾತನ್ನೇ ಎತ್ತಬಾರದು.

ಉತ್ತರ ಕರ್ನಾಟಕದ ಊಟದಲ್ಲಿ ಮೀನಿಗೆ ಕರಾವಳಿಯಷ್ಟು ಸ್ಥಾನವಿಲ್ಲ, ಹಾಗಾಗಿ ಈ ವಿಷಯ ರಾಜಕೀಯದ ಅಂಗಳಕ್ಕೆ ಬರುವುದೂ ಕಷ್ಟವೆಂದು ಕೆಲವರು ಹೇಳಬಹುದು. ಆದರೆ ನದಿಯಲ್ಲಿ ಮೀನು ಮೊಟ್ಟೆಯಿಡುತ್ತಿದೆಯೇ ಎಂಬುದು ಕೇವಲ ಊಟದ ಪ್ರಶ್ನೆಯಲ್ಲ. ನೀರು ಸಕಾಲಕ್ಕೆ ಹರಿಯುತ್ತಿದೆಯೇ, ಶುದ್ಧವಾಗಿದೆಯೇ, ದಂಡೆಯ ಮರಳು ಉಳಿದಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಅದೊಂದೇ ಉತ್ತರ. ಗೋಕಾಕ, ಹುಕ್ಕೇರಿ, ಮೂಡಲಗಿಯ ಜನ ಕುಡಿಯುವುದೂ ಅದೇ ನೀರನ್ನು. ಮುಂದಿನ ಜೂನ್ 1ರಂದು ಕರಾವಳಿಯ ದೋಣಿಗಳು ದಡ ಸೇರಿದ ಸುದ್ದಿ ಓದುವಾಗ, ಹಿರಣ್ಯಕೇಶಿಯ ದಡದಲ್ಲಿ ಯಾರಾದರೂ ಒಂದು ತಕ್ಕಡಿ ಮತ್ತು ಒಂದು ನೋಟುಪುಸ್ತಕ ಹಿಡಿದು ಕುಳಿತಿದ್ದಾರೆಯೇ ಎಂದು ಬೆಳಗಾವಿ ಜಿಲ್ಲೆ ತನ್ನನ್ನು ತಾನೇ ಕೇಳಿಕೊಳ್ಳಬೇಕಾಗಿದೆ.